ಕಾಲು ಮುಟ್ಟಿದ್ದಕ್ಕೆ ಬಂದ ಆಶೀರ್ವಾದಗಳು

ಸಕ್ಕರೆ ಕಾಯಿಲೆಯವರ ಕಾಲು ನೋಡುವ ಕೆಲಸಕ್ಕೆ ನನ್ನನ್ನು ಹಾಕಿದ ಮೇಲೆ ನನಗೆ ಸಿಕ್ಕಷ್ಟು ಆಶೀರ್ವಾದ ಯಾವ ಮದುಮಗಳಿಗೂ ಸಿಕ್ಕಿರಲಿಕ್ಕಿಲ್ಲ. ನಾನು ದೊಡ್ಡಬಳ್ಳಾಪುರದ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸು. ನಮ್ಮ ಜನಕ್ಕೆ ಯಾರಾದರೂ ಬಗ್ಗಿ ಕಾಲು ಮುಟ್ಟಿದರೆ ಆಶೀರ್ವಾದ ಮಾಡಿಯೇ ಅಭ್ಯಾಸ. ಅದು ಪರೀಕ್ಷೆ ಅಂತ ಹೇಳಿ ಮುಗಿಸುವಷ್ಟರಲ್ಲಿ ತಲೆ ಮೇಲೆ ಕೈ ಬಂದಿರುತ್ತದೆ.

೧. ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ

ಪರೀಕ್ಷೆ ಬಹಳ ಸುಲಭ. ಪೆನ್ನಿನಂಥ ಹಿಡಿ, ಅದರ ತುದಿಗೆ ಗಟ್ಟಿಯಾದ ಒಂದು ನೈಲಾನ್ ಎಳೆ. ರೋಗಿ ಕಣ್ಣು ಮುಚ್ಚಿಕೊಳ್ಳಬೇಕು, ನಾನು ಅಂಗಾಲಿನಲ್ಲಿ ಅಲ್ಲಲ್ಲಿ ಎಳೆ ಒತ್ತುತ್ತೇನೆ, ತಿಳಿದಾಗಲೆಲ್ಲ ಅವರು ಹೇಳಬೇಕು. ತಿಳಿಯಲಿಲ್ಲ ಅಂದರೆ ಅಲ್ಲಿ ನರ ಮಂಕಾಗಿದೆ ಅಂತ ಅರ್ಥ.

ತೂಬಗೆರೆ ಕಡೆಯ ಒಬ್ಬ ಅಜ್ಜಿ ಬಂದರು. ನಾನು ಕಾಲು ಹಿಡಿದ ತಕ್ಷಣ, "ಮುತ್ತೈದೆಯಾಗಿ ನೂರ್ಕಾಲ ಬಾಳು ತಾಯಿ" ಅಂದರು. ಆಮೇಲೆ ಕಣ್ಣು ಮುಚ್ಚಿದರು.

"ಗೊತ್ತಾಯ್ತಾ ಅಜ್ಜಿ?"

"ಆಯ್ತು."

"ಈಗ?"

"ಆಯ್ತು ತಾಯಿ, ಚೆನ್ನಾಗ್ ಆಯ್ತು."

ಎಲ್ಲಾ ಕಡೆಯೂ ಗೊತ್ತಾಗುತ್ತಿದೆ. ನನಗೆ ಅನುಮಾನ ಬಂದು, ಎಳೆಯನ್ನು ಮುಟ್ಟಿಸದೆ ಸುಮ್ಮನೆ ಗಾಳಿಯಲ್ಲಿ ಹಿಡಿದು ಕೇಳಿದೆ. ಅದಕ್ಕೂ "ಆಯ್ತು" ಅಂತಲೇ ಬಂತು.

"ಅಜ್ಜಿ, ನಾನು ಮುಟ್ಟೇ ಇಲ್ವಲ್ಲ."

ಅಜ್ಜಿ ಒಂದು ಕಣ್ಣು ತೆರೆದು ನೋಡಿದರು. "ಪಾಪ, ಅಷ್ಟು ಬಗ್ಗಿ ಕೇಳ್ತಾ ಇದೀಯ. ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ ಕಣವ್ವ."

೨. ಅಂಜನ

ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬರು ಶಿಫ್ಟ್ ಮುಗಿಸಿ ಸೀದಾ ಆಸ್ಪತ್ರೆಗೆ ಬಂದರು. ಮುಖ ಗಂಟು ಹಾಕಿಕೊಂಡಿತ್ತು. ಬೈಕಿನ ಕೀ ಕಳೆದುಹೋಗಿದೆಯಂತೆ. ಕಾರ್ಖಾನೆಯನ್ನೆಲ್ಲಾ ಸುತ್ತಿ ಹುಡುಕಿ, ಸಿಗದೆ, ಬೈಕನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದಿದ್ದರು.

"ಆಯ್ತು, ಶೂ ಬಿಚ್ಚಿ" ಅಂದೆ.

ಬಿಚ್ಚಿದರೆ ಠಣ್ ಅಂತ ಕೀ ಕೆಳಗೆ ಬಿತ್ತು. ಬೆಳಗ್ಗೆ ಡ್ಯೂಟಿ ಶೂ ಹಾಕಿಕೊಳ್ಳುವಾಗ ಕೀಯನ್ನು ಜೋಪಾನವಾಗಿರಲಿ ಅಂತ ತಮ್ಮ ಸ್ವಂತ ಶೂನಲ್ಲಿ ಇಟ್ಟಿದ್ದಾರೆ. ಸಾಯಂಕಾಲ ಮರೆತು ಅದನ್ನೇ ಹಾಕಿಕೊಂಡು, ಕೀಯನ್ನು ತುಳಿದುಕೊಂಡೇ ಕೀ ಹುಡುಕಿದ್ದಾರೆ. ಅಂಗಾಲಿನಲ್ಲಿ ಕೀಯ ಅಚ್ಚು ಹಲ್ಲು ಸಮೇತ ಮೂಡಿತ್ತು. ನಾನು ಚರ್ಮ ಹರಿದಿದೆಯಾ ಅಂತ ಬಗ್ಗಿ ನೋಡಿದೆ. ಅವರಿಗೆ ಮಾತ್ರ ಹಿಡಿಸಲಾರದಷ್ಟು ಖುಷಿ.

"ಕೀ ಸಿಕ್ಕಿದ್ದು ಸರಿ, ಅದು ಒತ್ತಿದ್ದು ಗೊತ್ತಾಗ್ಲಿಲ್ವಲ್ಲ, ಅದಕ್ಕೆ ಏನ್ ಹೇಳ್ತೀರಿ?" ಅಂತ ಕೂರಿಸಿಕೊಂಡು ಬುದ್ಧಿ ಹೇಳಿದೆ. ಶೂ ಹಾಕಿಕೊಳ್ಳುವ ಮುಂಚೆ ಒಳಗೆ ಕೈ ಹಾಕಿ ನೋಡಿ, ಕೊಡವಿ, ಸಕ್ಕರೆ ಹತೋಟಿಯಲ್ಲಿ ಇಟ್ಟುಕೊಳ್ಳಿ ಅಂದೆ. ತಲೆ ಅಲ್ಲಾಡಿಸುತ್ತಲೇ ಅವರು ಹೆಂಡತಿಗೆ ಫೋನ್ ಮಾಡಿದರು. "ಸಿಕ್ತು ಕಣೇ. ಸಿಸ್ಟರ್ ಕಾಲ್ ನೋಡಿದ್ರು, ಅಂಜನ ಹಾಕ್ದಂಗೆ ಸಿಕ್ಬಿಡ್ತು."

ಮುಂದಿನ ವಾರ ಅವರ ಊರಿನ ಇನ್ನೊಬ್ಬರು ಬಂದು, ಚಪ್ಪಲಿ ಬಿಚ್ಚಿ, ಕಾಲು ಚಾಚಿ ಕೂತರು. "ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ?" ಅಂದೆ.

"ಕಾಯ್ಲೆ ಗೀಯ್ಲೆ ಏನಿಲ್ಲ ಸಿಸ್ಟರ್. ನಮ್ದೊಂದು ಮೇಕೆ ಕಳ್ದೋಗೈತೆ."

೩. ನಾಯಿಯ ಮೇಲೆ ಅಪವಾದ

ಊರವರ ಕಾಲನ್ನೆಲ್ಲಾ ನೋಡುವ ನನಗೆ ನಮ್ಮ ಮನೆಯ ಒಂದು ಜೊತೆ ಕಾಲು ಮಾತ್ರ ಸಿಗುತ್ತಿರಲಿಲ್ಲ. ಅವು ನಮ್ಮ ಮಾವನವರವು. ಬಹಳ ವರ್ಷದ ಸಕ್ಕರೆ ಕಾಯಿಲೆ. ಅವರ ಅಣ್ಣನ ಕಾಲಲ್ಲಿ ಒಂದು ಬೊಬ್ಬೆ ಎದ್ದು, ನೋವಿಲ್ಲ ಅಂತ ಅವರು ಹಾಗೇ ಬಿಟ್ಟು, ಕಡೆಗೆ ಮಂಡಿ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು. ಅವತ್ತಿನಿಂದ ಮಾವನವರು ಯಾರಿಗೂ ಕಾಲು ತೋರಿಸುವುದಿಲ್ಲ. ನೋಡಿದರೆ ತಾನೇ ಕಾಯಿಲೆ ಇರೋದು ಅನ್ನುವುದು ಅವರ ಲೆಕ್ಕ. ನಾನು ಬಗ್ಗಿದರೆ ಸಾಕು, "ಸುಖವಾಗಿರು, ಏಳಮ್ಮ" ಅಂತ ಆಶೀರ್ವಾದ ಮಾಡಿ, ಎರಡೂ ಕಾಲನ್ನು ಪಂಚೆಯೊಳಗೆ ಎಳೆದುಕೊಂಡುಬಿಡುತ್ತಿದ್ದರು.

ಆದರೆ ಸಂಜೆ ಹೊತ್ತು ಕಾಲಲ್ಲಿ ಇರುವೆ ಹರಿದಂಗೆ ಆಗುತ್ತೆ ಅಂತ ಅತ್ತೆಯ ಹತ್ತಿರ ಹೇಳುತ್ತಿದ್ದರು. ನೆಲ ಹತ್ತಿ ಹಾಸಿದಂಗಿದೆ ಅಂತಲೂ ಅಂದಿದ್ದರಂತೆ. ಒಂದು ದಿನ ಅಂಗಡಿಯಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ನಾವು ಹೇಳುವವರೆಗೂ ಅವರಿಗೆ ತಿಳಿದಿರಲಿಲ್ಲ. ತಿಳಿದ ಮೇಲೆ, ಬೀದಿ ನಾಯಿಯೇ ಕಚ್ಚಿಕೊಂಡು ಹೋಗಿದ್ದು ಅಂತ ಕೋಲು ಹಿಡಿದು ಅದನ್ನು ಆ ತುದಿಯವರೆಗೂ ಅಟ್ಟಿದರು. ಅಷ್ಟರಲ್ಲಿ ಅಂಗಡಿಯವನು ಚಪ್ಪಲಿ ತಂದ. "ಯಜಮಾನ್ರೇ, ಮೆಟ್ಲು ಇಳಿಯುವಾಗ್ಲೇ ಬಿಟ್ಟು ಬಂದ್ರಿ. ಕೂಗಿದೆ, ನೀವು ತಿರುಗ್ಲಿಲ್ಲ."

ಮಾವನವರು ಚಪ್ಪಲಿ ಇಸಿದುಕೊಂಡು ಒಳಗೆ ಹೋದರು. ಸಂಜೆ ಒಂದು ಬಿಸ್ಕತ್ ಪೊಟ್ಟಣ ತಂದು ನಾಯಿಗೆ ಹಾಕಿ ರಾಜಿಯಾದರು.

೪. ಉದ್ದದ ನಮಸ್ಕಾರ

ಆ ಒಂಟಿ ಚಪ್ಪಲಿ ನನ್ನ ನಿದ್ದೆ ಕೆಡಿಸಿತು. ಯುಗಾದಿ ಬಂತು. ಹಬ್ಬದ ದಿನ ಸೊಸೆ ನಮಸ್ಕಾರ ಮಾಡಿದರೆ ಬೇಡ ಅನ್ನುವ ಹಾಗಿಲ್ಲವಲ್ಲ. ನಮ್ಮ ಮನೆಯ ಹಳೇ ಮಂಚ ಎತ್ತರ, ಮಾವನವರು ಗಿಡ್ಡ. ಪೂಜೆ ಮುಗಿಸಿ ಅದರ ಮೇಲೆ ಕೂತಿದ್ದರು, ಪಾದ ನೆಲಕ್ಕೆ ಮುಟ್ಟದೆ ತೂಗಾಡುತ್ತಿತ್ತು. ನಾನು ಆಸ್ಪತ್ರೆಯ ಆ ನೈಲಾನ್ ಎಳೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಬಗ್ಗಿದೆ.

ಮಾವನವರು ಅಕ್ಷತೆ ಹಾಕಿ, ಕಣ್ಣು ಮುಚ್ಚಿ ಆಶೀರ್ವಾದ ಶುರು ಮಾಡಿದರು. ನಾನು ಹೆಬ್ಬೆರಳಿಗೆ ಒತ್ತಿದೆ. ಅವರು ಮಕ್ಕಳಿಗೆ ವಿದ್ಯೆ ಬರಲಿ ಅನ್ನುತ್ತಿದ್ದರು. ಬೆರಳ ಬುಡಕ್ಕೆ ಒತ್ತಿದೆ. ರಾಗಿ ಬೆಳೆ ಕೈಗೆ ಸಿಗಲಿ ಅಂದರು. ಹಿಮ್ಮಡಿಯ ಹತ್ತಿರ ಸ್ವಲ್ಪ ಕಾಲು ಅಲುಗಿತು, ಪಾದದ ಮುಂಭಾಗದಲ್ಲಿ ಎಲ್ಲೂ ಇಲ್ಲ. ಕಿರುಬೆರಳ ಕೆಳಗೆ ಕೈಗೆ ಏನೋ ಒರಟಾಗಿ ಸಿಕ್ಕಿತು. ನೋಡಿದರೆ ಜಾಲಿ ಮುಳ್ಳು, ಮುರಿದು ಒಳಗೇ ಕೂತಿದೆ, ಸುತ್ತ ಕೆಂಪಾಗಿದೆ. ಯಾವತ್ತು ಚುಚ್ಚಿತ್ತೋ.

ಅಷ್ಟರಲ್ಲಿ ಹಸು ಎಮ್ಮೆಗಳಿಗೂ ಒಳ್ಳೆಯದಾಗಲಿ ಅಂತ ಮುಗಿಸಿ ಮಾವನವರು ಕಣ್ಣು ಬಿಟ್ಟರು. "ನಂಗೆ ಬರೋ ಆಶೀರ್ವಾದ ಎಲ್ಲಾ ಮುಗೀತು ಕಣಮ್ಮ. ಇನ್ನಾದ್ರೂ ಏಳು."

"ಮಾವ, ಕಾಲಲ್ಲಿ ಮುಳ್ಳಿದೆ."

"ಯಾರ್ ಕಾಲಲ್ಲಿ?"

ಅತ್ತೆಯ ಮುಖ ನೋಡುವ ಕನ್ನಡಿಯನ್ನು ಅಂಗಾಲಿನ ಕೆಳಗೆ ಹಿಡಿದು ತೋರಿಸಿದೆ. ಅವರು ಕನ್ನಡಿಗೆ ಬಗ್ಗಿ ನೋಡಿದರು. "ಅಣ್ಣಂದೂ ಹಿಂಗೇ ಅಲ್ವೇನಮ್ಮ ಶುರುವಾಗಿದ್ದು" ಅಂದರು. ಅವರ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನನಗೂ ಅಳು ಬಂತು. "ಅವರದನ್ನ ಯಾರೂ ನೋಡ್ಲಿಲ್ಲ ಮಾವ. ನಿಮ್ಮದನ್ನ ನಾವು ನೋಡಿದ್ವಲ್ಲ" ಅಂದೆ.

ಹೋಳಿಗೆ ತಟ್ಟುವುದನ್ನು ಅತ್ತೆಗೆ ಬಿಟ್ಟು ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮುಳ್ಳು ತೆಗೆದು, ಮಾತ್ರೆ ಬದಲಾಯಿಸಿ, ಡಾಕ್ಟರು ಹೇಳಿದರು: "ಕಳೆದುಹೋದ ಸ್ಪರ್ಶ ಪೂರ್ತಿ ವಾಪಸ್ ಬರದೆ ಇರಬಹುದು. ಕಾಲು ಹೇಳದೆ ಇದ್ದದ್ದನ್ನ ಇನ್ನು ಕಣ್ಣು ನೋಡಬೇಕು, ದಿನಾ."

ಮಾವನವರು ಕೈ ಮುಗಿದು, "ಆಗ್ಲಿ ಡಾಕ್ಟ್ರೇ, ನೋಡ್ಕೋತೀವಿ. ಆದ್ರೆ ಈ ಸೊಸೆ ನಮಸ್ಕಾರಕ್ಕೆ ಬಂದ್ರೆ ಇನ್ಮೇಲೆ ಕಣ್ ಮುಚ್ಚಲ್ಲ" ಅಂದರು.

೫. ಬೀದಿಯ ಸೊಸೆಯರು

ಗಾಯ ಒಣಗಿತು, ಕಾಲು ಉಳಿಯಿತು. ಈಗ ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕುತ್ತಾರೆ, ದೇವರ ಮನೆ ಬಾಗಿಲಲ್ಲಿ ಮಾತ್ರ ಬಿಡುತ್ತಾರೆ. ದಿನಾ ಬೆಳಗ್ಗೆ ಬೆಳಕು ಚೆನ್ನಾಗಿರುವ ಜಗಲಿಯ ಮೇಲೆ ಅವರು ಕೂರುತ್ತಾರೆ. ನಾನು ಕೆಳಗೆ ಕೂತು ಪಾದ ಹಿಡಿದು, ಬೆರಳ ಸಂದಿಯನ್ನೆಲ್ಲಾ ನೋಡಿ ಡ್ಯೂಟಿಗೆ ಹೋಗುತ್ತೇನೆ.

ಇದು ಬೀದಿಗೆಲ್ಲಾ ಕಾಣುತ್ತದಲ್ಲ. ಸ್ವಲ್ಪ ದಿನಕ್ಕೆ ಅಕ್ಕಪಕ್ಕದ ಸೊಸೆಯರು ಒಟ್ಟಾಗಿ ನನ್ನನ್ನು ತಡೆದರು. "ಅಕ್ಕಾ, ನಿಮ್ ದೆಸೆಯಿಂದ ನಮಗೆ ಮನೇಲಿ ಇರೋಕ್ ಆಗ್ತಿಲ್ಲ. ಅವಳನ್ನ ನೋಡಿ ಕಲೀರಿ, ದಿನಾ ಮಾವನ ಪಾದಪೂಜೆ ಮಾಡ್ತಾಳೆ ಅಂತ ನಮ್ ಅತ್ತೆ ಮಾವ ಒಂದೇ ಸಮ ಅಂತಾರೆ."

ಅದು ಪೂಜೆಯಲ್ಲ, ಪರೀಕ್ಷೆ ಅಂತ ವಿವರಿಸಿದೆ. ಸಕ್ಕರೆ ಕಾಯಿಲೆ ಇರುವವರ ಕಾಲನ್ನು ನೀವೂ ನೋಡಿ, ಕಣ್ಣು ಮುಚ್ಚಿಸಿ ಬೆರಳುಗಳ ತುದಿಯನ್ನು ಹಗುರವಾಗಿ ಮುಟ್ಟಿ ಕೇಳಿ, ಗೊತ್ತಾಗಲಿಲ್ಲ ಅಂದರೆ ಕರೆದುಕೊಂಡು ಬನ್ನಿ ಅಂದೆ.

ಎದುರು ಮನೆಯ ಸೊಸೆ ಮಾರನೇ ದಿನವೇ ಅತ್ತೆಯನ್ನು ಆಸ್ಪತ್ರೆಗೆ ಕರೆತಂದಳು. ನಗು ತಡೆಯಲಾರದೆ ಅವಳೇ ನಡೆದದ್ದನ್ನು ಹೇಳಿದಳು. ಮದುವೆಯಾದಾಗಿನಿಂದ ಅತ್ತೆಯ ಕಾಲ ಹತ್ತಿರ ಸುಳಿಯದಿದ್ದವಳು ಹೋಗಿ ಪಾದ ಹಿಡಿದು, ಕಣ್ಣು ಮುಚ್ಚಿಸಿ, ಒಂದೊಂದೇ ಬೆರಳು ಮುಟ್ಟಿ, "ಗೊತ್ತಾಯ್ತಾ ಅತ್ತೆ?" ಅಂದಳಂತೆ.

ಅತ್ತೆ ಕಣ್ಣು ಮುಚ್ಚಿಕೊಂಡೇ ಅಂದರಂತೆ: "ಮುಟ್ಟಿದ್ದು ಗೊತ್ತಾಗ್ಲಿಲ್ಲ ಕಣೇ, ಯಾಕೆ ಮುಟ್ಟಿದ್ಯಾ ಅಂತ ಗೊತ್ತಾಯ್ತು. ಹೇಳು, ತವರಿಗೆ ಎಷ್ಟು ದಿನ?"