ಕೆಂಪಯ್ಯನವರ ಬ್ಲೌಸ್ ಪೀಸ್

ಕೆಂಗೇರಿ ಉಪನಗರದ ಆ ಮನೆಯಲ್ಲಿ ಕೆಂಪಯ್ಯನವರ ಅಂಗಡಿಯ ಒಂದು ಗೇಣು ಬಟ್ಟೆಯೂ ಇರಲಿಲ್ಲ.

ವಿಜಯನಗರದ ಕೆಂಪಯ್ಯ ಕ್ಲಾತ್ ಸೆಂಟರ್ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. ಅಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಎಂಬತ್ತಾರರ ಕೆಂಪಯ್ಯ ಮಗಳು ಶೋಭಾರಾಣಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಡಾಕ್ಟರು ಇವತ್ತೋ ನಾಳೆಯೋ ಎಂದಿದ್ದರು. ಹನ್ನೊಂದು ಗಂಟೆಗೆ ಕಣ್ಣು ಬಿಟ್ಟವರು, "ನಮ್ಮ ಅಂಗಡಿ ಬಟ್ಟೆ ಕೈಗೆ ಕೊಡಮ್ಮ" ಎಂದರು. ಮಗಳು ತನ್ನ ಸೆರಗು ಕೊಟ್ಟಳು. ಹೆಬ್ಬೆರಳಿನಲ್ಲಿ ಉಜ್ಜಿ, "ಇದು ನಮ್ದಲ್ಲ" ಎಂದು ಬಿಟ್ಟರು. ಅಳಿಯನ ಪಂಚೆಗೂ ಅದೇ ಗತಿಯಾಯಿತು.

ಶೋಭಾರಾಣಿ ರವಿಕುಮಾರನಿಗೆ ಫೋನ್ ಮಾಡಿದಳು. ಅವನ ಮನೆ ಹಳೇ ಅಂಗಡಿಯ ಎದುರಿಗೇ ಇತ್ತು. ಅವನ ಅಪ್ಪ ತೀರಿಕೊಂಡ ವರ್ಷ ಕೆಂಪಯ್ಯ ಸ್ಕೂಲ್ ಚಡ್ಡಿಗೆ ಅಳತೆಗಿಂತ ಜಾಸ್ತಿ ಬಟ್ಟೆ ಕತ್ತರಿಸಿ, "ಒಳಗೆ ಮಡಚಿ ಹೊಲಿಸ್ಕೊಳೋ, ಬೆಳೆದಂಗೆ ಬಿಚ್ಚು" ಎಂದಿದ್ದರು. ಆ ಚಡ್ಡಿ ಮೂರು ವರ್ಷ ಬಂತು. ಮೊದಲ ವರ್ಷ ಅದರೊಳಗೆ ಅವನು ಗಂಟೆಯ ನಾಲಿಗೆಯಂತೆ ಓಲಾಡಿದ್ದ.

ರವಿಕುಮಾರ ಆಫೀಸಿಗೆ ರಜೆ ಹಾಕಿದ. ಹೆಂಡತಿ ಸ್ಪಂದನಳಿಗೆ ಹೇಳಲಿಲ್ಲ. ಉಳಿದ ರಜೆಗಳೆಲ್ಲ ಅವಳ ತಂಗಿಯ ಮದುವೆಗೆ ಮೀಸಲಾಗಿದ್ದವು.

ಹಳೇ ಅಂಗಡಿಯ ಬೀದಿಯವರು ನೆನಪುಗಳನ್ನು ಥಾನಿನಂತೆ ಬಿಚ್ಚಿ ಹಾಕಿದರು. ಬಟ್ಟೆ ಮಾತ್ರ ಯಾರ ಬಳಿಯೂ ಇರಲಿಲ್ಲ. ಕೊನೆಗೆ ಪಕ್ಕದ ಮನೆಯ ಪಾಪಮ್ಮ ಹಣೆ ಚಚ್ಚಿಕೊಂಡರು.

"ಗಿಳಿಹಸಿರು ಬ್ಲೌಸ್ ಪೀಸ್ ಒಂದಿತ್ತು ಕಣಪ್ಪ! ಅಂಚಲ್ಲಿ ಅವರದೇ ನೇರಳೆ ಸೀಲು."

"ಎಲ್ಲಿ ಆಂಟಿ?"

"ಅದನ್ನ ಯಾರು ಇಟ್ಕೋತಾರೆ? ಸೂಜಿ ಚುಚ್ಚಿದ್ರೆ ಹರಿಯುತ್ತೆ. ಕೆಂಪಯ್ಯನೇ ಹೇಳ್ತಿದ್ರು, 'ಇದು ಹೊಲಿಸೋಕಲ್ಲಮ್ಮ, ಕೊಡೋಕೆ' ಅಂತ. ವರಮಹಾಲಕ್ಷ್ಮಿ ಹಬ್ಬಕ್ಕೆ ನಂದಿನಿ ಲೇಔಟ್ ಕವನಾಗೆ ಎಲೆ ಅಡಿಕೆ ಜೊತೆ ಕೊಟ್ಟೆ."

ರವಿಕುಮಾರ ಸ್ಕೂಟರ್ ಹತ್ತಿದ. ನಂದಿನಿ ಲೇಔಟಿನಲ್ಲಿ ಕವನಾ ನಕ್ಕಳು.

"ಅಯ್ಯೋ ಅಣ್ಣ, ನಾನೂ ದಾಟಿಸಿಬಿಟ್ಟೆ. ದಸರಾ ಗೊಂಬೆ ನೋಡೋಕೆ ನಮ್ಮ ಸ್ಕೂಲಿನ ಸುವರ್ಣಾ ಟೀಚರ್ ಬಂದಿದ್ರಲ್ಲ, ಅವರಿಗೆ. ಕೆಂಗೇರಿಲಿ ಇರೋದು."

ದಾರಿಯಲ್ಲಿ ಒಂದು ಮೆರವಣಿಗೆ, ಎರಡು ಅಗೆದ ರಸ್ತೆ, ಒಬ್ಬ ಟ್ರಾಫಿಕ್ ಪೊಲೀಸ್. ಪೊಲೀಸನಿಗೂ ಆ ಅಂಗಡಿಯ ನೆನಪಿತ್ತು. ಅದನ್ನು ಹೇಳಿ ಮುಗಿಸಿದ ಮೇಲೆಯೇ ಗಾಡಿ ಬಿಟ್ಟ.

ಗದಗ ಕಡೆಯ ಸುವರ್ಣಾ ಬಾಗಿಲಲ್ಲೇ ಕೈಯಾಡಿಸಿದಳು. "ಆ ಹಸರು ತುಂಡೇನ್ರಿ? ಅದಕ್ಕ ಕುಪ್ಪಸದ ಖಣ ಅಂತೀರಿ ನೀವು? ಅದರಾಗ ಹಿಟ್ಟು ಸಾಣಿಸಾಕೂ ನಮ್ಮಂದಿ ಹಿಂದಮುಂದ ನೋಡ್ತಾರ. ಸಂಕ್ರಾಂತಿಗೆ ಹಿಂದಿನ ರೋಡಿನ ಶೋಭಾರಾಣಿಯವರಿಗೆ ಕೊಟ್ಟೀನ್ರಿ."

ರವಿಕುಮಾರ ಸ್ಕೂಟರ್ ಅಲ್ಲೇ ಬಿಟ್ಟು ಓಡಿದ. ಕೊಟ್ಟ ಬ್ಲೌಸ್ ಪೀಸನ್ನು ಬಿಡಿಸಿ ನೋಡುವ ಅಭ್ಯಾಸ ಯಾರಿಗೂ ಇಲ್ಲ. ಶೋಭಾರಾಣಿಗೂ ಇರಲಿಲ್ಲ. ಬೀರುವಿನ ಮೂಲೆಯ ಕವರ್ ತೆಗೆದು ನಡುಮನೆಯ ನೆಲಕ್ಕೆ ಸುರಿದಳು. ಕೆಂಪು, ನೀಲಿ, ಹಳದಿ ಬಿದ್ದವು.

"ಹಸಿರು ಇತ್ತು ರವಿ. ಇವತ್ತು ಬೆಳಿಗ್ಗೆ ಎಂಟಕ್ಕೆ ನಿಮ್ಮ ಸ್ಪಂದನ ಅಪ್ಪನ್ನ ನೋಡೋಕೆ ಬಂದಿದ್ರು. ಕುಂಕುಮ ಕೊಟ್ಟು, ಮೇಲಿದ್ದಿದ್ದನ್ನ ಎತ್ತಿ ಕೊಟ್ಟೆ."

ಒಳಗಿನಿಂದ ಕೆಂಪಯ್ಯನವರ ಉಸಿರು ದೊಡ್ಡದಾಗಿ ಕೇಳುತ್ತಿತ್ತು. ರವಿಕುಮಾರ ಹೆಂಡತಿಗೆ ಫೋನ್ ಹಚ್ಚಿದ.

"ಸ್ಪಂದನಾ, ಆ ಹಸಿರು ಪೀಸು ಯಾರಿಗೂ ಕೊಟ್ಟಿಲ್ಲ ತಾನೆ?"

"ಇಲ್ಲಪ್ಪ. ಎಲ್ಲರೂ ಕೈಯಿಂದ ಕೈಗೆ ದಾಟಿಸ್ತಾರೆ, ಪಾಪ. ಅಂಗಡಿ ಹೆಸರು ನೋಡಿದೆ. ನಿಮಗೆ ಚಡ್ಡಿ ಕೊಟ್ಟೋರಲ್ವಾ? ನಾನಾದ್ರೂ ಹಾಕ್ಕೊಳೋಣ ಅಂತ ಟೈಲರ್‌ಗೆ ಕೊಟ್ಟೆ."

"ನಿಲ್ಲಿಸೋಕೆ ಹೇಳು!"

"ಎದುರಿಗೇ ನಿಂತಿದೀನಿ ರೀ. ಕತ್ತರಿ ಹಾಕಾಯ್ತು. ಮಡಚಿದ ಜಾಗದಲ್ಲೆಲ್ಲ ಪುಡಿಪುಡಿ ಆಯ್ತು, ಕಸಕ್ಕೆ ಹಾಕಿದ್ರು. ನೀವೆಲ್ಲಿದೀರಾ? ಆಫೀಸಲ್ಲಿಲ್ವಾ?"

ಅಷ್ಟರಲ್ಲಿ ಒಳಗಿನ ಉಸಿರಿನ ಸದ್ದು ನಿಂತಿತು. ಶೋಭಾರಾಣಿ "ಅಪ್ಪಾ" ಎಂದಳು, ಒಂದೇ ಸಲ.

ಆ ದಿನ ಹೋದದ್ದು ಇಷ್ಟು: ಒಬ್ಬರು ಜವಳಿ ಅಂಗಡಿಯವರು, ಎಂಬತ್ತು ಸೆಂಟಿಮೀಟರ್ ಬಟ್ಟೆ, ಒಂದು ಕ್ಯಾಶುಯಲ್ ಲೀವ್.