ದಯವಿಟ್ಟು ನನಗೆ ಓಟು ಹಾಕಬೇಡಿ

ಪ್ರತಿ ಊರಿಗೂ ಒಬ್ಬ ನಿರಪಾಯಕಾರಿ ಮನುಷ್ಯ ಬೇಕಾಗುತ್ತಾನೆ. ಬೀಗರು ಬೀಗರು ಮುನಿಸಿಕೊಂಡಾಗ ನಡುವಿನ ಎಲೆಗೆ ಕೂರಿಸುವುದಕ್ಕೆ, ಯಾರೂ ಒಪ್ಪದ ಹುದ್ದೆಗೆ ಹೆಸರು ಬರೆಸುವುದಕ್ಕೆ ಅವನೇ ಸರಿ. ಮೊಳಕಾಲ್ಮೂರಿನಲ್ಲಿ ಆ ಮನುಷ್ಯ ನಾನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಎರಡರಲ್ಲಿ ಒಂದು ಪಕ್ಷ ಹಿಡಿಯುವಷ್ಟು ಧೈರ್ಯ ನನಗಿಲ್ಲ.

ಹೊಟ್ಟೆಪಾಡಿಗೆ ನಾನು ಚಳ್ಳಕೆರೆಯ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಒಂದು ನಾಡು ಏಳಿಗೆಯಾಗುವುದು ಬರೀ ಮಣ್ಣು, ಮಳೆ, ಗಣಿಗಳಿಂದಲ್ಲ, ಅಧಿಕಾರದಲ್ಲಿರುವವರು ಯಾರಿಗಾದರೂ ಉತ್ತರ ಕೊಡಬೇಕಾದ ವ್ಯವಸ್ಥೆ ಅಲ್ಲಿದೆಯೇ ಎಂಬುದರಿಂದ ಎಂದು ಹತ್ತನೇ ತರಗತಿಯ ಮಕ್ಕಳಿಗೆ ಮೇಜು ಗುದ್ದಿ ಹೇಳುತ್ತೇನೆ. ಪ್ರಶ್ನಿಸದ ಪ್ರಜೆ ಪ್ರಜೆಯೇ ಅಲ್ಲ ಎನ್ನುವಾಗ ನನ್ನ ದನಿ ಪಕ್ಕದ ಕೊಠಡಿಯ ಗಣಿತದ ಮೇಷ್ಟ್ರಿಗೆ ತೊಂದರೆ ಕೊಡುವಷ್ಟು ಏರುತ್ತದೆ. ಸಂಜೆ ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೊಡದಿದ್ದರೆ ಮಾತ್ರ ಸುಮ್ಮನೆ ಕಿಟಕಿಯಾಚೆ ನೋಡುತ್ತಾ ಬರುತ್ತೇನೆ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆತನ. ಅಪ್ಪ ಹೋದ ಮೇಲೆ ಅವರ ಮಗ್ಗ ನನ್ನ ಹೆಂಡತಿ ಪದ್ಮಳ ಕೈಗೆ ಬಂತು, ನೇಕಾರರ ಸಂಘದ ಸದಸ್ಯತ್ವ ನನ್ನ ಹೆಸರಿಗೆ ಬಂತು. ಪದ್ಮಳಿಗೂ ಬೇರೆ ಸದಸ್ಯತ್ವವಿದೆ. ಸಂಘದ ಅಧ್ಯಕ್ಷರು ನಂಜುಂಡಪ್ಪನವರು, ಪದ್ಮಳ ಸೋದರಮಾವ, ನನಗೂ ಮಾವ, ನಮ್ಮ ಮದುವೆಯನ್ನು ನಿಂತು ಮಾಡಿಸಿದವರು. ನನಗೆ ನೆನಪಿರುವಷ್ಟು ಕಾಲದಿಂದ ಅವರೇ ಅಧ್ಯಕ್ಷರು. ಸದಸ್ಯರೆಲ್ಲ ಓಟು ಹಾಕಿ ಅಧ್ಯಕ್ಷರನ್ನು ಆರಿಸಬೇಕೆಂದು ಸಂಘದ ನಿಯಮಾವಳಿಯಲ್ಲಿದೆ. ಆದರೆ ಹಿರಿಯರ ಮಾತು ಕೇಳಿರೆಂದು ಚಕ್ರವರ್ತಿಯೊಬ್ಬ ಸಿದ್ದಾಪುರದ ಬಂಡೆಯ ಮೇಲೆ ಕೆತ್ತಿಸಿ ಹೋದ ಸೀಮೆ ನಮ್ಮದು. ಪ್ರತಿ ಸಲವೂ ಅವಿರೋಧ ಆಯ್ಕೆಯೇ.

ಈ ಅವಿರೋಧಕ್ಕೂ ಒಂದು ಪದ್ಧತಿಯಿದೆ. ಹಿಂದೊಮ್ಮೆ ಮಾವನ ನಾಮಪತ್ರದಲ್ಲಿ ಸಹಿ ಬಿಟ್ಟುಹೋಗಿ ಅದು ತಿರಸ್ಕೃತವಾಗಿ, ಸಂಘ ಹಲವು ತಿಂಗಳು ಅಧ್ಯಕ್ಷರಿಲ್ಲದೆ ಒದ್ದಾಡಿತ್ತು. ಅಂದಿನಿಂದ ಮಾವನ ಜೊತೆಗೆ ನಂಬಿಕಸ್ಥನೊಬ್ಬ 'ಜೊತೆ ಅರ್ಜಿ' ಹಾಕುವುದು, ಕೊನೆಯ ದಿನ ಅದನ್ನು ಹಿಂದಕ್ಕೆ ಪಡೆಯುವುದು ವಾಡಿಕೆ. ಆ ನಂಬಿಕಸ್ಥ ಯಾರೆಂದು ಮತ್ತೆ ಹೇಳಬೇಕಿಲ್ಲ. ಹಿಂಪಡೆಯಲು ಮಧ್ಯಾಹ್ನ ಮೂರು ಗಂಟೆಯ ಗಡುವು. ಆದರೆ ಚುನಾವಣಾಧಿಕಾರಿಗಳೆಲ್ಲ ಮಾವನ ಮನೆಯಲ್ಲೇ ಉಂಡು, ಒಂದು ಕೋಳಿನಿದ್ದೆ ತೆಗೆದು, ಆಮೇಲೆ ಕಡತ ಬಿಚ್ಚುತ್ತಿದ್ದರು. ನಮ್ಮ ಸಂಘದಲ್ಲಿ ಮೂರು ಗಂಟೆ ಎಂದರೆ ಮಾವ ಎದ್ದು ಮುಖ ತೊಳೆದ ಹೊತ್ತು.

ಈ ಸಲ ಅಧಿಕಾರಿಯಾಗಿ ಬಂದಿದ್ದು ಚಿತ್ರದುರ್ಗದಿಂದ ಒಬ್ಬ ಹೊಸ ಹೆಣ್ಣುಮಗಳು. ಬುತ್ತಿ ತಂದುಕೊಂಡಿದ್ದಳಂತೆ, ಸಂಘದ ಕಚೇರಿಯಲ್ಲೇ ಕೂತು ತಿಂದಳಂತೆ. ಇದು ತಿಳಿಯದ ನಾನು ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ನಿಧಾನವಾಗಿ ಮಂಡಕ್ಕಿ ಒಗ್ಗರಣೆ ತಿಂದು, ಒಂದು ಬಸ್ ಬಿಟ್ಟು ಇನ್ನೊಂದು ಹತ್ತಿ ಬಂದೆ. ಕಚೇರಿಯ ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು.

"ಟೈಮ್ ಮುಗೀತು ಸಾರ್. ಈಗ ನೀವು ಅಭ್ಯರ್ಥಿ" ಎಂದಳು ಆಕೆ.

ನಾನು ಹಿಂಪಡೆಯುವ ಪತ್ರವನ್ನು ಮೇಜಿನ ಮೇಲೆ ಇನ್ನೊಂದಿಷ್ಟು ಮುಂದಕ್ಕೆ ಸರಿಸಿದೆ. ಅಷ್ಟರಲ್ಲಿ ಮಾವ ಮುಖ ಒರೆಸಿಕೊಳ್ಳುತ್ತಾ ಬಂದರು. "ಹತ್ತು ನಿಮಿಷಕ್ಕೆ ಏನೈತವ್ವ? ನಮ್ಮ ಹುಡುಗನೇ. ಸ್ವಲ್ಪ ಹೊಂದಿಸ್ಕೊಳ್ಳವ್ವ" ಎಂದರು.

"ಹೊಂದಿಸ್ಕೊಳ್ಳಾಕೆ ಅದು ನನ್ನ ಮನೆ ಗಡಿಯಾರ ಅಲ್ರಿ" ಎಂದು ಆಕೆ ಪುಸ್ತಕ ಮುಚ್ಚಿದಳು.

ಮಾವ ನನ್ನ ಕಡೆ ತಿರುಗಿ, "ಏಮಯ್ಯಾ ಅಲ್ಲುಡೂ?" ಎಂದರು. ಅವರು ಮನೆಮಾತು ತೆಲುಗಿನಲ್ಲಿ ನನ್ನನ್ನು ಅಳಿಯ ಎಂದು ಕರೆದರೆ ಪ್ರೀತಿ ಉಕ್ಕಿದೆ ಎಂದು ಅರ್ಥ, ಇಲ್ಲವೇ ಕೋಪ ಬಂದಿದೆ ಎಂದು ಅರ್ಥ. ಪ್ರೀತಿ ಉಕ್ಕುವ ಸಂದರ್ಭ ಅದಾಗಿರಲಿಲ್ಲ.

ಚುನಾವಣೆಗೆ ಹತ್ತು ದಿನವಿತ್ತು. ಆ ಹತ್ತು ದಿನ ನನಗೆ ಅನ್ನ ಇಳಿಯಲಿಲ್ಲ. ಸೋತರೆ ನಗೆಪಾಟಲು, ಅದನ್ನು ತಡೆದುಕೊಳ್ಳುವ ಅಭ್ಯಾಸ ನನಗಿದೆ. ಗೆದ್ದರೆ? ಧಾರೆ ಎರೆಸಿದ ಮಾವನ ಕುರ್ಚಿ ಎಳೆದವನೆಂಬ ಅಪವಾದ, ಹಬ್ಬಕ್ಕೆ ಅವರ ಮನೆ ಬಾಗಿಲು ಬಂದ್. ಯೋಚಿಸಿ ಯೋಚಿಸಿ ಒಂದು ಉಪಾಯ ಮಾಡಿದೆ. ಮನೆಮನೆಗೆ ಹೋಗಿ, "ದಯವಿಟ್ಟು ನನಗೆ ಓಟು ಹಾಕಬೇಡಿ" ಎಂದು ಕೈಮುಗಿಯತೊಡಗಿದೆ.

ಇದು ನಾನು ಮಾಡಿದ ಎರಡನೇ ತಪ್ಪು. ಸಂಘದ ಬಣ್ಣದ ಮನೆಯಲ್ಲಿ ರೇಷ್ಮೆ ಲಡಿ ಕುದಿಸಿ ಬಣ್ಣ ಹಾಕುವ ತಿಪ್ಪಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಓಟು ಕೊಡ್ರಿ ಅನ್ನೋರ್ನ ಬೇಕಾದಷ್ಟು ನೋಡೀನಿ ಸಾರ್. ಬ್ಯಾಡ ಅನ್ನೋರ್ನ ಇವತ್ತೇ ನೋಡಿದ್ದು. ಕುರ್ಚಿ ಆಸೆ ಇಲ್ಲದೋರು ಅಂದ್ರೆ ನೀವೇ ಬಿಡ್ರಿ!" ಎಂದಳು. ಸಂಜೆಯೊಳಗೆ ಈ ಮಾತು ಕೇರಿಯೆಲ್ಲ ಸುತ್ತಿತು. ಬೇಡ ಬೇಡ ಎಂದಷ್ಟೂ ನನ್ನ ಬೆಲೆ ಏರುತ್ತಾ ಹೋಯಿತು.

ಮನೆ ಬಾಗಿಲಿಗೆ ಬಂದವನನ್ನು ಜನ ಬರಿಗೈಲಿ ಕಳಿಸುವುದಿಲ್ಲವಲ್ಲ, ಕಾಫಿಯ ಜೊತೆಗೆ ಒಂದೊಂದು ಕಷ್ಟವನ್ನೂ ಕೊಟ್ಟರು. ಮಳೆ ಬಂದರೆ ಮಗ್ಗದ ಗುಂಡಿಗೆ ನೀರು ನುಗ್ಗುತ್ತದೆ ಎಂದು ಒಬ್ಬರು. ಒಳ್ಳೆ ರೇಷ್ಮೆ ಯಾರಿಗೆ ಸಿಗುತ್ತದೆಂಬುದು ಅಧ್ಯಕ್ಷರು ಬೆಳಿಗ್ಗೆ ಯಾವ ಮಗ್ಗುಲಲ್ಲಿ ಎದ್ದರು ಎಂಬುದರ ಮೇಲಿದೆ ಎಂದು ಇನ್ನೊಬ್ಬರು. ಎಲ್ಲರೂ ಹೇಳಿದ್ದು ಬಣ್ಣದ ಮನೆಯ ವಿಷಯ. ಅಲ್ಲಿಗೆ ಹೊಗೆಗೂಡಿಲ್ಲ. "ಹೊಗೆ ಹೊರಕ್ಕೆ ಹೋಗಾಕೆ ದಾರಿ ಇಲ್ಲ ಸಾರ್, ನಮ್ಮ ಎದೆಯಾಗೇ ಹೋಗ್ತೈತೆ" ಎಂದಳು ತಿಪ್ಪಮ್ಮ. ವಾರಕ್ಕೆರಡು ದಿನ ಅಲ್ಲಿಗೆ ಹೋಗುವ ಪದ್ಮ ಮನೆಗೆ ಬಂದು ಕೆಮ್ಮುವುದನ್ನು ನಾನು ವರ್ಷಗಳಿಂದ ಕೇಳಿದ್ದೇನೆ. ಧೂಳು ಇರಬೇಕು ಎಂದುಕೊಂಡಿದ್ದೆ. ಮೇಜು ಗುದ್ದುವ ಮೇಷ್ಟ್ರಿಗೆ ಆವತ್ತು ನಿಜವಾಗಿ ನಾಚಿಕೆಯಾಯಿತು.

ಮಾವನ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದೆ. ಮಾವ ಕೆಟ್ಟವರಲ್ಲ. ಸಂಘದ ಒಂದು ಎಳೆ ನೂಲನ್ನೂ ಮನೆಗೆ ಒಯ್ದವರಲ್ಲ. ಪದ್ಮ ತಮ್ಮವಳೆಂದು ಜನ ಆಡಿಕೊಂಡಾರೆಂದು ಅವಳಿಗೆ ಯಾವಾಗಲೂ ಕೊನೆಯ ಲಡಿಯನ್ನೇ ಕೊಡುವಷ್ಟು ಪ್ರಾಮಾಣಿಕರು. "ಇಷ್ಟು ವರ್ಷ ಯಾರೂ ಬಾಯಿ ಬಿಡಲಿಲ್ಲವಲ್ಲಯ್ಯ" ಎಂದರು. ಬಾಯಿ ಬಿಟ್ಟವರಿದ್ದರು, ಕೇಳಲೇಬೇಕಾದ ದರ್ದು ಮಾವನಿಗಿರಲಿಲ್ಲ ಅಷ್ಟೆ. ಮೂರನೇ ದಿನ ಗಾರೆಯವನು ಬಂದ. ಚುನಾವಣೆಯ ಮುಂಚಿನ ದಿನ ಬಣ್ಣದ ಮನೆಯ ಮೇಲೆ ಹೊಸ ಹೊಗೆಗೂಡು ನಿಂತಿತ್ತು. ರೇಷ್ಮೆ ಹಂಚುವ ಸರದಿಯ ಪಟ್ಟಿ ಗೋಡೆಯ ಮೇಲೆ ಬಂತು. ಮುಪ್ಪಿನ ಮಾವ ಕೋಲೂರಿಕೊಂಡು ಮನೆಮನೆಗೆ ಹೋದರು. "ಪ್ರತಿ ಎಲೆಕ್ಷನ್ನಿಗೂ ಒಂದು ಬಸ್ ಬಿಟ್ಟೇ ಬರ್ರಿ ಸಾರ್" ಎಂದು ಜನ ನನಗೆ ಹೇಳತೊಡಗಿದರು.

ಮತದಾನದ ದಿನ ರಟ್ಟಿನ ಮರೆಯ ಹಿಂದೆ ಚೀಟಿ ಹಿಡಿದು ನಿಂತೆ. ಎರಡೇ ಹೆಸರು, ಅದರಲ್ಲೊಂದು ನನ್ನದು. ಒಂದು ಕ್ಷಣ ಪದ್ಮಳ ಕೆಮ್ಮು ನೆನಪಾಯಿತು, ಮುಂದಿನ ಐದು ವರ್ಷ ಆ ಗೋಡೆಯ ಪಟ್ಟಿ ಉಳಿಯುತ್ತದೆಯೇ ಎಂಬ ಯೋಚನೆಯೂ ಬಂತು. ಹೊರಗೆ ಮಾವ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಮೊಹರು ತಾನಾಗಿಯೇ ಅವರ ಹೆಸರಿನ ಮೇಲೆ ಹೋಗಿ ಕೂತಿತು.

ಎಣಿಕೆಯಾಯಿತು. ಆ ಹೆಣ್ಣುಮಗಳು ಎರಡು ಸಲ ಎಣಿಸಿದಳು. ಮಾವ ಗೆದ್ದರು, ಒಂದು ಓಟಿನಿಂದ.

ಮಾವ ನನ್ನನ್ನು ತಬ್ಬಿಕೊಂಡರು. ಮನೆಗೆ ಬಂದರೆ ಪದ್ಮ ಮಗ್ಗ ನಿಲ್ಲಿಸಿ ಕೂತಿದ್ದಳು. "ನಾನು ನಿಮಗೇ ಹಾಕ್ದೆ ಕಣ್ರೀ. ಹೆತ್ತವ್ವನ ತಮ್ಮನ್ನ ಬಿಟ್ಟು ನಿಮಗೆ ಹಾಕ್ದೆ" ಎಂದಳು. ಕಣ್ಣಲ್ಲಿ ನೀರಿತ್ತು. "ಒಬ್ಬರು, ಒಬ್ಬರೇ ಒಬ್ಬರು ಈ ಕಡೆ ಹಾಕಿದ್ರೆ ನೀವು ಗೆಲ್ತಿದ್ರಿ. ಎದುರಿಗೆ ಕಾಫಿ ಕೊಟ್ಟು ಹಿಂದೆ ಕೈಕೊಟ್ಟ ಆ ಪುಣ್ಯಾತ್ಮ ಯಾರು ಅಂತ ಹುಡುಕದೆ ನಾನು ಬಿಡಾಕಿಲ್ಲ."

ಅಂದಿನಿಂದ ಅವಳು ಕೇರಿಯಲ್ಲಿ ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದಾಳೆ. ತಪ್ಪಿಲ್ಲವೆಂದು ಖಾತ್ರಿಯಾದವರನ್ನು ಬಿಟ್ಟು, ಅನುಮಾನ ಉಳಿದವರ ಹೆಸರನ್ನು ದಿನವೂ ನನ್ನ ಕೈಯಲ್ಲೇ ಹೊಸದಾಗಿ ಬರೆಸುತ್ತಾಳೆ. ನಾನು ಅಕ್ಷರ ತಪ್ಪದೆ ಬರೆಯುತ್ತಿದ್ದೇನೆ. ಗುಪ್ತ ಮತದಾನ ಪ್ರಜಾಪ್ರಭುತ್ವದ ಜೀವಾಳ ಎಂದು ಇಷ್ಟು ವರ್ಷ ಪಾಠ ಹೇಳಿದವನಿಗೆ, ಅದು ಎಂಥ ಹೇಡಿಯ ಸಂಸಾರವನ್ನೂ ಕಾಪಾಡುತ್ತದೆಂದು ಈಗಷ್ಟೇ ಗೊತ್ತಾಗಿದೆ. ಪಟ್ಟಿಯಲ್ಲಿ ಹೆಸರುಗಳು ದಿನದಿನಕ್ಕೆ ಕಡಿಮೆಯಾಗುತ್ತಿವೆ.