ಗುಳಿಗೆ ಕೊಟ್ಟ ಭಕ್ತಿ

ಭಕ್ತಿ ಯಾರಿಗೆ, ಯಾವಾಗ ಉಕ್ಕಿ ಬರುತ್ತದೆಂದು ಹೇಳಲು ಬರುವುದಿಲ್ಲ ಎನ್ನುತ್ತಾರೆ ತಿಳಿದವರು. ನನ್ನ ಮಟ್ಟಿಗಂತೂ ಹೇಳಲು ಬರುತ್ತದೆ. ಗುಳಿಗೆ ನುಂಗಿ ಸುಮಾರು ಒಂದು ತಾಸಾದ ಮೇಲೆ ಬರುತ್ತದೆ, ಅಷ್ಟು ಹೊತ್ತು ಇದ್ದು ತಾನಾಗಿಯೇ ಹೊರಟುಹೋಗುತ್ತದೆ. ಈ ಮಾತನ್ನು ಸೇಡಂನ ನಮ್ಮ ಓಣಿಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಬಹಳ ಕಾಲ ಇರಲಿಲ್ಲ. ಹೇಳಿದ್ದರೆ ಮಠದಲ್ಲಿ ಮುಂದಿನ ಸಾಲಿನ ಜಾಗ ಕೈಬಿಟ್ಟು ಹೋಗುತ್ತಿತ್ತು. ಈಗ ಜಾಗ ಹೇಗೂ ಹೋಗಿದೆ. ಇನ್ನು ನಿಮ್ಮ ಮುಂದೆ ಮುಚ್ಚಿಟ್ಟು ನನಗೇನು ಆಗಬೇಕಾಗಿದೆ?

ನಾನು ವಾಡಿಯ ಕಡೆ ಲಾರಿ ತೂಕ ಮಾಡುವ ಕಾಟಾದ ಮೇಲೆ ಕೆಲಸ ಮಾಡಿ ನಿವೃತ್ತನಾದವನು. ಸಿಮೆಂಟಿನ ಲಾರಿ, ಶಹಾಬಾದದ ಫರಸಿ ಕಲ್ಲಿನ ಲಾರಿ, ಸುಗ್ಗಿಯಲ್ಲಿ ತೊಗರಿ ಲಾರಿ, ಹೀಗೆ ಏನು ಬಂದರೂ ನನ್ನ ಕೆಲಸ ಒಂದೇ. ಲಾರಿ ಕಾಟಾ ಹತ್ತಿದ ಮೇಲೆ ಅಂಕಿ ಅಲ್ಲಾಡುವುದು ನಿಲ್ಲುವ ತನಕ ಸುಮ್ಮನೆ ಕೂತಿರುವುದು, ನಿಂತ ಮೇಲೆ ಬರೆಯುವುದು. ‘ಬರಕೋರಿ ಸಾಹೇಬ್ರ, ಹೊತ್ತಾಗ್ಲಿಕತ್ತದ’ ಎಂದು ಡ್ರೈವರುಗಳು ಹಾರ್ನ್ ಬಾರಿಸಿದರೂ ನಾನು ಪೆನ್ನು ಮುಟ್ಟುತ್ತಿರಲಿಲ್ಲ. ಅಲ್ಲಾಡುತ್ತಿರುವುದನ್ನು ನಂಬಬಾರದು ಎಂಬುದು ನನ್ನ ಇಡೀ ನೌಕರಿಯ ಸಿದ್ಧಾಂತ. ಇಂಥ ಸಿದ್ಧಾಂತದ ಮನುಷ್ಯನ ಎಡಗೈ ನಿವೃತ್ತಿಯಾದ ಕೆಲವೇ ದಿನಗಳಲ್ಲಿ ಅಲ್ಲಾಡತೊಡಗಿತು.

ಎಡಗೈ ತಾನೇ, ಉಣ್ಣುವುದು ಬರೆಯುವುದು ಎಲ್ಲ ಬಲಗೈಯಲ್ಲಲ್ಲವೇ ಎಂದು ನೀವು ಸಮಾಧಾನ ಹೇಳಬಹುದು. ನಮ್ಮದು ಲಿಂಗವಂತರ ಮನೆ. ಬೆಳಿಗ್ಗೆ ಸ್ನಾನವಾದ ಕೂಡಲೇ ಕೊರಳಲ್ಲಿರುವ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ದೃಷ್ಟಿಯಿಟ್ಟು ಕೂರುವುದು ನಮ್ಮ ಪೂಜೆ. ಬೇರೆಯವರಿಗೆ ಗುಡಿ ಊರಲ್ಲಿ ಇದ್ದರೆ ನಮಗೆ ಅಂಗೈಯಲ್ಲೇ ಇದೆ. ಆ ಲಿಂಗ ಕೈಜಾರಿ ನೆಲಕ್ಕೆ ಬಿದ್ದರೆ ಅದು ನಮ್ಮಲ್ಲಿ ಸಣ್ಣ ಮಾತಲ್ಲ. ನನಗೆ ಉಳಿದ ಯಾವ ಕೆಲಸಕ್ಕೂ ಕೈ ಬಾರದಿದ್ದರೂ ನಡೆದೀತು, ಈ ಒಂದು ಕೆಲಸಕ್ಕೆ ಮಾತ್ರ ಅದು ನಿಲ್ಲಬೇಕಾಗಿತ್ತು. ಒಂದು ದಿನ ಏರಿಸಿದ ಪತ್ರಿ ಏರಿಸಿದಂತೆಯೇ ಉದುರತೊಡಗಿತು. ದೀಪಕ್ಕೆ ಎಣ್ಣೆ ಹಾಕಲು ಬಂದ ನನ್ನ ಹೆಂಡತಿ ಸಂಗಮ್ಮ ಪಕ್ಕದಲ್ಲಿ ಕೂತು, ನನ್ನ ಅಂಗೈಯ ಕೆಳಗೆ ತನ್ನ ಅಂಗೈ ಕೊಟ್ಟಳು. ನನಗೆ ಅಳು ಬಂತು. ಗಂಡಸರು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ನಾನೂ ಮಾಡಿದೆ. ‘ಕೈ ತೆಗಿ, ನಾ ಏನ್ ಸಣ್ಣ ಕೂಸೇನು?’ ಎಂದು ರೇಗಿದೆ. ಅವಳು ಕೈ ತೆಗೆಯಲಿಲ್ಲ.

ಕಲಬುರಗಿಯ ನರರೋಗದ ಡಾಕ್ಟರಮ್ಮ ನನ್ನನ್ನು ನಡೆಸಿ, ತಿರುಗಿಸಿ, ಬೆರಳು ಬಡಿಸಿ ನೋಡಿ, ಇದು ಪಾರ್ಕಿನ್‌ಸನ್ ಎಂದರು. ಮೆದುಳಿನಲ್ಲಿ ಡೋಪಮೈನ್ ಎನ್ನುವುದೊಂದು ಕಡಿಮೆಯಾಗಿದೆ, ಈ ಗುಳಿಗೆ ಅದನ್ನು ತುಂಬಿಕೊಡುತ್ತದೆ, ರೋಗ ಹೋಗುವುದಿಲ್ಲ ಆದರೆ ಕೈಕಾಲು ಹೇಳಿದ ಮಾತು ಕೇಳುತ್ತವೆ, ಹೊತ್ತಿಗೆ ಸರಿಯಾಗಿ ತಗೊಳ್ಳಬೇಕು, ನಿಮ್ಮಷ್ಟಕ್ಕೆ ನೀವು ಬಿಡಬಾರದು ಎಂದೆಲ್ಲ ನಿಧಾನವಾಗಿ ತಿಳಿಸಿದರು. ನಾನು ತಲೆ ಆಡಿಸಿದೆ. ವಾಪಸ್ಸು ಬರುವಾಗ ರೈಲಿನಲ್ಲಿ ಗುಳಿಗೆಯ ಡಬ್ಬಿಯೊಳಗಿನ ಕಾಗದ ಬಿಚ್ಚಿದೆ. ಅಷ್ಟು ಸಣ್ಣ ಡಬ್ಬಿಯಲ್ಲಿ ಅಷ್ಟು ದೊಡ್ಡ ಕಾಗದವನ್ನು ಹೇಗೆ ಮಡಚಿ ತುಂಬಿದ್ದರೋ. ಅದರಲ್ಲಿ ಗುಳಿಗೆಯಿಂದ ಆಗಬಹುದಾದ ತೊಂದರೆಗಳನ್ನು ಬರೆದಿದ್ದರು. ಓದುತ್ತ ಹೋದಂತೆ ಶಹಾಬಾದ ಬರುವಷ್ಟರಲ್ಲಿ ನನಗೆ ಹೊಟ್ಟೆ ತೊಳಸತೊಡಗಿತು. ವಾಡಿಯಲ್ಲಿ ಚಹಾ ಕುಡಿಯಲೆಂದು ಎದ್ದು ನಿಂತರೆ ತಲೆ ತಿರುಗಿತು. ಚಿತ್ತಾಪುರ ದಾಟುವಾಗ ಇಲ್ಲದ ಮನುಷ್ಯರು ಕಣ್ಣಿಗೆ ಕಾಣುವುದೂ ಉಂಟು ಎಂಬ ಸಾಲಿಗೆ ಬಂದಿದ್ದೆ. ಎದುರು ಸೀಟಿನಲ್ಲಿ ಕೂತು ಶೇಂಗಾ ತಿನ್ನುತ್ತಿದ್ದ ಮನುಷ್ಯ ನಿಜವಾಗಿ ಇದ್ದಾನೋ ಇಲ್ಲವೋ ಎಂಬ ಅನುಮಾನ ಶುರುವಾಯಿತು. ಹೆಂಡತಿಗೆ ಮೆಲ್ಲಗೆ ಹೇಳಿದೆ, ‘ಈ ಗುಳಗಿ ನನಗ ಒಗ್ಗಂಗ ಕಾಣಲ್ಲ.’ ಅವಳು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ‘ಇನ್ನಾ ಒಂದೂ ನುಂಗಿಲ್ರಿ ನೀವು’ ಎಂದಳು.

ನುಂಗಿದ ಮೇಲೆ ಏನೂ ಆಗಲಿಲ್ಲ. ತೊಂದರೆಯೂ ಆಗಲಿಲ್ಲ, ಗುಣವೂ ಕಾಣಲಿಲ್ಲ. ಇದಕ್ಕೆ ಕಾರಣ ನಮ್ಮ ಸೀಮೆಯ ಪ್ರೀತಿ. ಗುಳಿಗೆ ಎನ್ನುವುದು ಖಾಲಿ ಹೊಟ್ಟೆಗೆ ಹೋದರೆ ಕರುಳು ಸುಡುತ್ತದೆ ಎಂದು ನಮ್ಮಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಹೊಟ್ಟೆಯಲ್ಲಿ ಏನಾದರೂ ಇರಬೇಕು ಎಂದರೆ ತೊಗರಿ ಬೆಳೆಯುವ ಈ ನೆಲದಲ್ಲಿ ಆ ‘ಏನಾದರೂ’ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಂಗಮ್ಮ ಬಿಸಿ ರೊಟ್ಟಿಯ ಜೊತೆ ಗಟ್ಟಿ ಬೇಳೆ ಬಡಿಸಿ, ಅದರ ಮೇಲೆ ಶೇಂಗಾ ಹಿಂಡಿ ಹಾಕಿ, ಕಡೆಗೆ ಒಂದು ಲೋಟ ಎಮ್ಮೆ ಹಾಲು ಕುಡಿಸಿ, ‘ಈಗ ನುಂಗ್ರಿ, ಮೈಗಿ ಹತ್ತತದ’ ಎಂದು ಗುಳಿಗೆ ಕೈಗಿಡುತ್ತಿದ್ದಳು. ಸುಲೇಪೇಟದಿಂದ ಬಂದ ನಮ್ಮ ಅಕ್ಕ ಇದನ್ನು ನೋಡಿ, ಇನ್ನೊಂದು ಸೌಟು ಬೇಳೆ ಹಾಕಿಸಿದಳು. ಮುಂದಿನ ಸಲ ಡಾಕ್ಟರಮ್ಮ ಇದನ್ನೆಲ್ಲ ಕೇಳಿ ಪೆನ್ನು ಕೆಳಗಿಟ್ಟರು. ಬೇಳೆ, ಹಾಲು, ಶೇಂಗಾದಲ್ಲಿರುವ ಪ್ರೋಟೀನೂ ಈ ಗುಳಿಗೆಯೂ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತವಂತೆ. ಬೇಳೆ ಹೊಕ್ಕರೆ ಗುಳಿಗೆ ಹೊರಗೆ ನಿಲ್ಲುತ್ತದಂತೆ. ‘ಕಾಕಾ, ಊಟಕ್ಕಿಂತ ಅರ್ಧ ತಾಸು ಮೊದಲು ತಗೋರಿ, ಬರೀ ನೀರಿನ ಜೊತಿ’ ಎಂದರು. ಸಂಗಮ್ಮನ ಮುಖ ಸಣ್ಣದಾಯಿತು. ಗಂಡನಿಗೆ ಬೇಳೆ ಬಡಿಸಿದ್ದೇ ತಪ್ಪಾಯಿತು ಎಂಬ ಮಾತನ್ನು ಅವಳು ನಾಲ್ಕು ಮನೆಗೆ ಹೇಳಿಕೊಂಡು ಬಂದಳು. ಒಂದು ಮನೆಯವರೂ ನಂಬಲಿಲ್ಲ.

ಇಲ್ಲಿ ಇನ್ನೊಂದು ಪೇಚು ಎದುರಾಯಿತು. ಪೂಜೆಯಾಗುವ ಮೊದಲು ನಮ್ಮ ಬಾಯಿಗೆ ಒಂದು ಹನಿ ನೀರೂ ಹೋಗುವಂತಿಲ್ಲ. ಗುಳಿಗೆ ನುಂಗದೆ ಕೈ ನಿಲ್ಲುವುದಿಲ್ಲ, ಕೈ ನಿಲ್ಲದೆ ಪೂಜೆಯಾಗುವುದಿಲ್ಲ, ಪೂಜೆಯಾಗದೆ ಗುಳಿಗೆ ನುಂಗುವಂತಿಲ್ಲ. ಕೆಲವು ದಿನ ನಾನು ಮೂರನ್ನೂ ಅರ್ಧರ್ಧ ಮಾಡಿದೆ. ಕಡೆಗೆ ಸಂಗಮ್ಮನೇ ಮಠಕ್ಕೆ ಹೋಗಿ ಅಪ್ಪಾವರನ್ನು ಕೇಳಿದಳು. ನಮ್ಮ ಕಡೆ ಸ್ವಾಮಿಗಳನ್ನು ಹಾಗೆಯೇ ಕರೆಯುವುದು. ಅವರು ನಕ್ಕರಂತೆ. ‘ಅನ್ನ ನೀರು ಎಲ್ಲಾ ಲಿಂಗಕ್ಕ ತೋರ್ಸೇ ತಗೋತೀರಲ್ಲ ತಾಯಿ. ಗುಳಗಿ ಏನ್ ಪಾಪ ಮಾಡ್ಯದ? ಅದನ್ನೂ ತೋರ್ಸಿ ಕೊಡ್ರಿ, ಪ್ರಸಾದ ಆಗ್ತದ’ ಎಂದರಂತೆ. ಅಂದಿನಿಂದ ನನ್ನ ಗುಳಿಗೆ ಪ್ರಸಾದವಾಯಿತು. ಮೊದಲು ಅದನ್ನು ಲಿಂಗಕ್ಕೆ ತೋರಿಸಿ ನುಂಗಿ, ಗೋಡೆಗೆ ಒರಗಿ ಕೂತು, ಕೈ ಸ್ತಿಮಿತಕ್ಕೆ ಬಂದ ಮೇಲೆ ಪೂಜೆ. ಮೊದಲ ಸಲ ಪತ್ರಿಯ ಒಂದು ಎಸಳೂ ಉದುರದೆ ಪೂಜೆ ಮುಗಿದ ಬೆಳಿಗ್ಗೆ ನನಗಾದ ಸಂತೋಷವನ್ನು ಹೇಗೆ ಹೇಳಲಿ. ಕೈಯೊಡ್ಡಿ ಕಾಯುತ್ತಿದ್ದ ಸಂಗಮ್ಮ ತನ್ನ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡಳು.

ವರ್ಷಗಳು ಕಳೆದವು, ಗುಳಿಗೆಯ ಪ್ರಮಾಣ ಮೆಲ್ಲಮೆಲ್ಲಗೆ ಏರಿತು. ಶ್ರಾವಣ ಬಂತು. ನಮ್ಮ ಮಠದಲ್ಲಿ ಶ್ರಾವಣ ತಿಂಗಳಿಡೀ ಸಂಜೆ ಪ್ರವಚನ, ಆಮೇಲೆ ಭಜನೆ. ಉಳಿದ ತಿಂಗಳುಗಳಲ್ಲಿ ಸೋಮವಾರಕ್ಕೊಮ್ಮೆ. ಸಂಜೆಯ ಗುಳಿಗೆ ನುಂಗಿ ಮನೆ ಬಿಟ್ಟರೆ ಪ್ರವಚನ ಮುಗಿದು ಭಜನೆ ರಂಗೇರುವ ಹೊತ್ತಿಗೆ ಸರಿಯಾಗಿ ಗುಳಿಗೆಯೂ ರಂಗೇರುತ್ತಿತ್ತು. ಒಂದು ಸಂಜೆ ನನ್ನ ಕುತ್ತಿಗೆ ತಾನಾಗಿಯೇ ಒಂದು ಕಡೆ ವಾಲಿತು, ಹಿಂದೆಯೇ ಭುಜ ಹೊರಟಿತು, ಆಮೇಲೆ ಇಡೀ ಮೈ ತೂಗಾಡತೊಡಗಿತು. ತಡೆದರೆ ಇನ್ನೂ ಜೋರಾಗುತ್ತಿತ್ತು. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೆ. ನೋಡಿದವರಿಗೆ ಅದೇ ದೊಡ್ಡದಾಗಿ ಕಂಡಿತು. ಭಜನೆ ಮುಗಿದ ಮೇಲೆ ನಮ್ಮ ಓಣಿಯ ಕಿರಾಣಿ ಅಂಗಡಿಯ ಬಸಣ್ಣ ಕೈಮುಗಿದು, ‘ಶರಣಪ್ಪಣ್ಣ, ಏನ್ ತಲ್ಲೀನ ಆಗಿದ್ರಿ ಇವತ್ತ. ನಮಗೆಲ್ಲಿ ಬರಬೇಕ್ರಿ ಅದು’ ಎಂದ. ಇದೇ ಬಸಣ್ಣ ಹಿಂದೆ ಕಾಟಾದಲ್ಲಿ ತನ್ನ ಮಾವನ ಲಾರಿಯನ್ನು ಕಾಯಿಸಿದೆನೆಂದು ನನ್ನ ಜೊತೆ ಮಾತು ಬಿಟ್ಟಿದ್ದವನು. ನಾನು ಗುಳಿಗೆಯ ವಿಷಯ ಹೇಳಲು ಬಾಯಿ ತೆರೆದೆ. ಆಮೇಲೆ ಮುಚ್ಚಿದೆ.

ಮರುದಿನ ನನಗೆ ಮುಂದಿನ ಸಾಲಿನಲ್ಲಿ ಜಮಖಾನೆ ಹಾಸಿದ್ದರು. ‘ಹಿರಿಯರು ಮುಂದ ಕುಂದ್ರಿ’ ಎಂದು ದಾರಿ ಬಿಟ್ಟರು. ನಾನು ತೂಗಾಡಿದಷ್ಟೂ ತಬಲಾದವನಿಗೆ ಹುರುಪು ಬರುತ್ತಿತ್ತು. ಇದೇ ಗುಳಿಗೆಗೆ ಪ್ರವಚನದ ನಡುವೆ ನಿದ್ದೆ ತರಿಸುವ ಗುಣವೂ ಇದೆ. ನಾನು ಗಲ್ಲ ಎದೆಗೊರಗಿಸಿ ತೂಕಡಿಸಿದರೆ ಅದು ಧ್ಯಾನವೆನಿಸಿಕೊಂಡಿತು. ಎದ್ದು ನಿಂತಾಗ ತಲೆ ತಿರುಗಿ ಕಂಬ ಹಿಡಿದುಕೊಂಡರೆ ಇನ್ನೂ ಈ ಲೋಕಕ್ಕೆ ಬಂದಿಲ್ಲ ಎಂದು ಪಿಸುಗುಟ್ಟಿದರು. ಕುರಕುಂಟಾದಿಂದ ಬಂದ ಹೆಣ್ಣುಮಗಳೊಬ್ಬಳು ನನ್ನ ಕಾಲಿಗೆರಗಿ ತನ್ನ ಮಗನ ಮದುವೆ ಯಾವಾಗ ಆಗುತ್ತದೆಂದು ಕೇಳಿದಳು. ಡಬ್ಬಿಯ ಕಾಗದದಲ್ಲಿ ತೊಂದರೆಗಳೆಂದು ಬರೆದಿದ್ದ ಒಂದೊಂದೂ ನನ್ನ ಊರಲ್ಲಿ ಸದ್ಗುಣವಾಗಿ ಪಾಸಾಗುತ್ತಿತ್ತು. ಅಪ್ಪಾವರು ಮಾತ್ರ ಗದ್ದುಗೆಯ ಮೇಲಿನಿಂದ ನನ್ನನ್ನು ನೋಡಿ ಮೀಸೆಯಲ್ಲೇ ನಗುತ್ತಿದ್ದರು.

ಮುಂದಿನ ಸಲ ಕಲಬುರಗಿಗೆ ಹೋದಾಗ ಡಾಕ್ಟರಮ್ಮ ಕೇಳಿದರು, ‘ಕಾಕಾ, ಮೈ ತಾನಾಗೇ ತೂಗಾಡೋದು, ಕುತ್ತಿಗಿ ತಿರುವೋದು ಏನರ ಅದ ಏನ್ರಿ?’ ನಾನು ‘ಇಲ್ಲ’ ಎಂದೆ. ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳಬೇಕು. ಗುಳಿಗೆ ಕಡಿಮೆ ಮಾಡಿದರೆ ಅಂಗೈ ಮತ್ತೆ ನಡುಗೀತು, ಲಿಂಗ ಜಾರೀತು ಎಂಬ ಭಯ ನನಗೆ ನಿಜವಾಗಿಯೂ ಇತ್ತು. ಜಮಖಾನೆಯ ನೆನಪು ಆ ಭಯದ ಹಿಂದೆ ಇಣುಕುತ್ತಿತ್ತು ಎನ್ನುವುದೂ ನಿಜ. ಸಂಗಮ್ಮ ಕುರ್ಚಿಯನ್ನು ಮುಂದೆ ಎಳೆದುಕೊಂಡಳು. ‘ಸುಳ್ಳ ಹೇಳ್ಲಿಕತ್ತಾರ್ರಿ ಮೇಡಂ. ಜೋಕಾಲಿ ಆಡ್ದಂಗ ಆಡ್ತಾರ. ಮೊನ್ನಿ ದೀಪದ ಕಂಬಕ್ಕ ತಲಿ ಬಡೀತಿತ್ತು. ಪೂಜಿ ಸ್ವಲ್ಪ ತಡ ಆದ್ರ ಕೈ ನಿಂತಿರ್ತದ, ಮೈ ನಿಂತಿರಂಗಿಲ್ಲ. ನಾ ಎದುರಿಗಿ ಜೀವಾ ಕೈಯಾಗ ಹಿಡ್ಕೊಂಡು ಕುಂತಿರ್ತೀನಿ.’ ಹೀಗೆ ಕೂತಿರುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಪೂಜೆಯಲ್ಲಿ ನನ್ನ ದೃಷ್ಟಿ ಲಿಂಗದ ಮೇಲಿದ್ದರೆ ಅವಳ ದೃಷ್ಟಿ ನನ್ನ ಮೇಲಿತ್ತು. ನನಗೆ ಅಲ್ಲಿಯೇ, ಡಾಕ್ಟರಮ್ಮನ ಎದುರಿಗೇ, ಕಣ್ಣು ತುಂಬಿ ಬಂತು. ಅದೂ ಗುಳಿಗೆಯದೇ ಇರಬೇಕೆಂದು ತಿಳಿದು ಅವರು ಅದನ್ನೂ ಬರೆದುಕೊಂಡರು.

ತೂಗಾಟ ರೋಗದ್ದಲ್ಲ, ಗುಳಿಗೆ ಮೈಯಲ್ಲಿ ಒಮ್ಮೆಲೇ ಹೆಚ್ಚಾದಾಗ ಆಗುವುದು ಎಂದು ಅವರು ತಿಳಿಸಿ, ಪ್ರತಿ ಸಲದ ಪ್ರಮಾಣ ಇಳಿಸಿ, ದಿನಕ್ಕೆ ನುಂಗುವ ಸಲಗಳನ್ನು ಹೆಚ್ಚಿಸಿದರು. ಈಗ ಗುಳಿಗೆಯ ಹೊತ್ತು ಮಠದಲ್ಲಿ ಕೂತಾಗಲೂ ಬರುತ್ತದೆ. ತೂಗಾಟ ನಿಂತಿತು. ಕೈ ಹೆಚ್ಚಿನ ದಿನ ಮಾತು ಕೇಳುತ್ತದೆ. ಕೇಳದ ದಿನ ಸಂಗಮ್ಮನ ಅಂಗೈ ಕೆಳಗೆ ಬಂದು ನಿಲ್ಲುತ್ತದೆ. ಈಗ ನಾನು ‘ಕೈ ತೆಗಿ’ ಎನ್ನುವುದಿಲ್ಲ. ಎಷ್ಟೋ ಸಲ ಕೈ ನಡುಗದಿದ್ದರೂ ಅವಳು ಇನ್ನೂ ಬರಲಿಲ್ಲವಲ್ಲ ಎಂದು ಬಾಗಿಲ ಕಡೆ ನೋಡುತ್ತೇನೆ.

ಮಠದಲ್ಲಿ ಮಾತ್ರ ನನ್ನ ಬೆಲೆ ಇಳಿಯಿತು. ‘ಯಾಕ್ರಿ ಶರಣಪ್ಪಣ್ಣ, ಮೊದಲಿನ ಭಕ್ತಿ ಕಾಣವಲ್ದು’ ಎಂದು ಬಸಣ್ಣ ಮರುಗಿದ. ನನ್ನ ಜಮಖಾನೆಯ ಮೇಲೆ ಈಗ ಐನಾಪುರದ ಒಬ್ಬರು ಕೂರುತ್ತಾರೆ. ಭಜನೆ ಶುರುವಾದರೆ ಸಾಕು, ಅವರ ಕಣ್ಣಿನಿಂದ ಧಾರಾಕಾರ ನೀರು. ಯಾವ ಗುಳಿಗೆ ಎಂದು ಒಮ್ಮೆ ಮೆಲ್ಲಗೆ ಕೇಳಬೇಕೆಂದಿದ್ದೇನೆ.

ಹೋದ ಸೋಮವಾರ ನಾನು ಹಿಂದೆ, ಚಪ್ಪಲಿಗಳ ಹತ್ತಿರ, ಕೂತಿದ್ದೆ. ಭಜನೆ ರಂಗೇರಿತ್ತು. ಬಸಣ್ಣ ಒಮ್ಮೆ ಹಿಂದೆ ತಿರುಗಿ ನೋಡಿದ. ಏನೋ ಒಂದು ಆಸೆ. ಮೆಲ್ಲಗೆ ಕುತ್ತಿಗೆ ವಾಲಿಸಿದೆ, ಭುಜ ಕಳಿಸಿದೆ, ಕಣ್ಣು ಮುಚ್ಚಿಕೊಂಡೆ. ಬಹಳ ದಿನಗಳ ಅಭ್ಯಾಸವಲ್ಲವೇ, ಚೆನ್ನಾಗಿಯೇ ಬಂತು. ಬಸಣ್ಣ ಪಕ್ಕದವನಿಗೆ ಏನೋ ಹೇಳಿದ್ದೂ ಕಿವಿಗೆ ಬಿತ್ತು. ಅಷ್ಟರಲ್ಲಿ ಯಾರೋ ಮೊಣಕೈ ಹಿಡಿದರು. ಹೆಣ್ಣುಮಕ್ಕಳ ಸಾಲಿನಿಂದ ಎದ್ದು ಬಂದ ಸಂಗಮ್ಮ, ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಗುಳಿಗೆ. ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಇಡೀ ಸಾಲಿಗೆ ಕೇಳುವಂತೆ ಹೇಳಿದಳು:

‘ತಡೀರಿ. ಮೊದಲ ಗುಳಗಿ ನುಂಗ್ರಿ, ಆಮ್ಯಾಲ ತೂಗಾಡ್ರಿ.’